ಒಳಸಂಗ ಮೀಮಾಂಸೆ: ವಳಸಂಗದ ಒಂದು ಲ್ಯಾಪ್‌ಟಾಪಿಗೆ ನೆಟ್ ಬಾರದುದರ ಕುರಿತು

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂದು ನಾಲ್ಕು. ಈ ಗ್ರಂಥದ ವಿಷಯ ವೈಫೈ. ಪ್ರಯೋಜನ, ಮನೆಯಲ್ಲೇ ಕೂತು ಪುಣೆಯ ಕಂಪನಿಗೆ ದುಡಿಯುವ ಮಗಳ ನೌಕರಿ ಉಳಿಯುವುದು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ತಿಂಗಳ ಬಿಲ್ಲು ತಪ್ಪದೆ ಕಟ್ಟಿಯೂ ಅಂಗಳದಲ್ಲಿ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತವನು. ಉಳಿದದ್ದು ಸಂಬಂಧ. ಅದು ಕಡಿದುಹೋದದ್ದರಿಂದಲೇ ಈ ಗ್ರಂಥ ಹುಟ್ಟಿತು.

ಸ್ಥಳನಿರ್ಣಯ. ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ, ದಕ್ಷಿಣ ಸೋಲಾಪುರ ತಾಲೂಕಿನಲ್ಲಿ ನಮ್ಮೂರು ವಳಸಂಗ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ, ರೌಟರಿನ ಮಾತು ಇಂಗ್ಲಿಷು. ಊರ ಹೆಸರಿನ ವ್ಯುತ್ಪತ್ತಿ ಹೀಗೆ: ಒಳ ಮತ್ತು ಸಂಗ ಸೇರಿ ಒಳಸಂಗ, ಅದೇ ಬಾಯಿಂದ ಬಾಯಿಗೆ ಬಂದು ವಳಸಂಗ. ಭಾಷಾವಿಜ್ಞಾನಿಗಳು ಇದನ್ನು ಒಪ್ಪಲಿಕ್ಕಿಲ್ಲ. ಅವರನ್ನು ಕೇಳುವ ಗೋಜಿಗೆ ನಾನು ಹೋಗಿಲ್ಲ. ಅದೇ ಧೈರ್ಯದಲ್ಲಿ ಇನ್ನೊಂದು: ರೌಟರ್ ಎಂಬುದು ರಾವುತ ಶಬ್ದದಿಂದ ಬಂದದ್ದು. ರಾವುತ ಕುದುರೆ ಏರಿ ಓಲೆ ಒಯ್ಯುತ್ತಿದ್ದ. ಇವನು ಗೂಡಿನಲ್ಲಿ ಕೂತು ಓಲೆ ಒಯ್ಯುತ್ತಾನೆ, ಕುದುರೆ ಇಲ್ಲದ್ದರಿಂದ ಕೆಲವು ಸಲ ಒಯ್ಯುವುದಿಲ್ಲ. ನಮ್ಮವ್ವ ಅವನನ್ನು ‘ನೆಟ್ಟಿನ ಡಬ್ಬಿ’ ಎನ್ನುತ್ತಾಳೆ. ಇನ್ನು ವೈಫೈ ಎಂಬ ಹೆಸರಿಗಂತೂ ವ್ಯುತ್ಪತ್ತಿಯೇ ಇಲ್ಲ. ತಂತ್ರದ ನಿಜನಾಮ 802.11, ನಾಮಕರಣ 1997ರಲ್ಲಿ. ಇಂಥ ಹೆಸರಿಟ್ಟರೆ ಯಾರೂ ಕೊಳ್ಳುವುದಿಲ್ಲವೆಂದು 1999ರಲ್ಲಿ ಹೆಸರು ಕಟ್ಟುವ ಕಂಪನಿಯೊಂದಕ್ಕೆ ಹಣ ಕೊಟ್ಟು ಈ ಪದ ಮಾಡಿಸಿದರು. ಅರ್ಥವಿಲ್ಲದ ಪದಕ್ಕೆ ಕಾಸು ಕೊಟ್ಟ ಆ ಸಂಪ್ರದಾಯವನ್ನು ನಾವು ಪ್ರತಿ ತಿಂಗಳೂ ಪಾಲಿಸುತ್ತಿದ್ದೇವೆ.

ಈಗ ಪ್ರಸಂಗ. ಒಂದು ಸೋಮವಾರ ಮುಂಜಾನೆ ಮಗಳು ಕೂಗಿದಳು.

‘ಅಪ್ಪಾ, ನೆಟ್ ಬರ್‌ವಲ್ದು.’

‘ಏನಂತದ ಅದು?’

‘ಕನೆಕ್ಟೆಡ್ ಅಂತದ. ಮತ್ತ ಕೆಳಗ ನೋ ಇಂಟರ್ನೆಟ್ ಅಂತದ.’

ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನಮ್ಮವ್ವ ತಲೆ ಎತ್ತಲಿಲ್ಲ. ‘ಲಗ್ನ ಆಗೇದ, ಮಾತುಕತಿ ಇಲ್ಲ ಅಂದಂಗಾತು’ ಎಂದಳು.

ಮುಂದಿನ ಸಮಸ್ತ ಸಂಶೋಧನೆ ಈ ಒಂದು ವಾಕ್ಯದ ಭಾಷ್ಯವಷ್ಟೆ. ಆದರೆ ಆಗ ಅದು ಯಾರಿಗೂ ಹೊಳೆಯಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಓಣಿಯ ಪಂಡಿತರು ಬಂದು ಕೂತಿದ್ದರು.

ಪಂಡಿತರಲ್ಲಿ ಮೂರು ಪಂಥ. ತಟ್ಟುವಾದಿಗಳ ಮತದಲ್ಲಿ ಯಂತ್ರವೆಂಬುದು ರೇಡಿಯೋ ಕಾಲದಿಂದಲೂ ಪೆಟ್ಟಿಗೆ ಬಗ್ಗುವಂಥದ್ದು. ಇವರ ಕೈಯಿಂದ ಲ್ಯಾಪ್‌ಟಾಪನ್ನು ಮಗಳು ಕಸಿದುಕೊಂಡಳಾದ್ದರಿಂದ ಮತ ಪರೀಕ್ಷೆಗೆ ಒಳಗಾಗಲಿಲ್ಲ. ದೃಷ್ಟಿವಾದಿಗಳು ನಿಂಬೆಹಣ್ಣು ಸೂಚಿಸಿದರು. ಇದಕ್ಕೆ ವಿರೋಧವಿಲ್ಲ, ಹಣ್ಣಿನ ಖರ್ಚು ಕಡಿಮೆ.

ಮೂರನೆಯವರು ಬಂದ್‌ಚಾಲೂವಾದಿಗಳು. ಇವರ ಆಚಾರ್ಯ ನಮ್ಮ ಪಕ್ಕದ ಮನೆಯ ಕಾಕಾ. ‘ಬಂದ್ ಮಾಡಿ ಚಾಲೂ ಮಾಡ್ರಿ’ ಎಂಬ ಒಂದೇ ಮಂತ್ರದಿಂದ ಅವರು ಟಿವಿ, ಪಂಪ್‌ಸೆಟ್ಟು ಮತ್ತು ಒಬ್ಬ ಅಳಿಯನನ್ನು ಸರಿಪಡಿಸಿದ್ದಾರೆ. ಈ ಪಂಥವನ್ನು ನಗೆಯಾಡುವಂತಿಲ್ಲ, ತಳದಲ್ಲಿ ತರ್ಕವಿದೆ. ವಾರಗಟ್ಟಲೆ ಎದ್ದೇ ಇರುವ ರೌಟರಿನ ನೆನಪಿನಲ್ಲಿ ಹಳೆಯ ಲೆಕ್ಕ, ಮುರಿದ ಮಾತು ತುಂಬಿಕೊಳ್ಳುತ್ತವೆ. ಆರಿಸಿ ಹಚ್ಚಿದರೆ ಅವೆಲ್ಲ ಅಳಿದು ಅದು ಹೊಸದಾಗಿ ಮಾತು ಶುರುಮಾಡುತ್ತದೆ. ಆದರೆ ಪಿನ್ ಕಿತ್ತ ತಕ್ಷಣ ಮರಳಿ ಹಾಕಬಾರದು. ಒಳಗಿನ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಇಳಿಯಬೇಕು. ಅದಕ್ಕಾಗಿ ಮೂವತ್ತರ ತನಕ ಎಣಿಸಬೇಕು. ಇಲ್ಲಿ ಒಂದು ಉಪವಿವಾದ ಎದ್ದಿತು: ಕನ್ನಡದಲ್ಲಿ ಎಣಿಸಬೇಕೋ, ಮರಾಠಿಯಲ್ಲೋ? ಮರಾಠಿಯ ಅಂಕಿ ಉದ್ದ, ಹೆಚ್ಚು ಹೊತ್ತು ಸಿಗುತ್ತದೆ ಎಂದು ಕಾಕಾ. ನಾನು ಬರೆದು ಪರಿಶೀಲಿಸಿದೆ. ‘ಇಪ್ಪತ್ತೊಂಬತ್ತು’ ಐದು ಅಕ್ಷರ. ‘ಏಕೋಣತೀಸ’ವೂ ಐದೇ ಅಕ್ಷರ. ಗಡಿತಂಟೆಗೆ ಇಷ್ಟು ಸರಳವಾದ ಪರಿಹಾರ ನಾನು ಬೇರೆಲ್ಲೂ ಕಂಡಿಲ್ಲ.

ಚಾಲೂ ಮಾಡಿದೆವು. ಪರದೆಯ ಮೇಲೆ ಗಾಲಿ ತಿರುಗಲಾರಂಭಿಸಿತು. ಗಾಲಿಯನ್ನು ನೋಡುತ್ತ ಕೂರುವ ತಾಳ್ಮೆ ನಮ್ಮ ಸೀಮೆಗೆ ಹೊಸದಲ್ಲ. ಅಕ್ಕಲಕೋಟೆ, ಸೋಲಾಪುರ, ಜತ್ತ ಕಡೆಯ ಊರುಗಳನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಆ ಪುಟ ಇನ್ನೂ ತೆರೆದುಕೊಳ್ಳುತ್ತಿದೆ.

ಪಂಥಗಳು ಸೋತ ಮೇಲೆ ಪ್ರಮಾಣಗಳಿಗೆ ಬರಬೇಕು. ಪ್ರತ್ಯಕ್ಷ ಪ್ರಮಾಣವೆಂದರೆ ಡಬ್ಬಿಯ ದೀಪಗಳು. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂಬಂತೆ, ಹಸಿರು ದೀಪ ಮಿಣುಕಿದಲ್ಲಿ ನೆಟ್ ಇದೆ ಎಂಬುದು ಅನುಮಾನ. ಇದರಲ್ಲಿ ವ್ಯಭಿಚಾರದೋಷ ಉಂಟು. ವೈಫೈಯ ಹಸಿರು ದೀಪ ಹೊರಗಿನ ಲೋಕ ಮುಳುಗಿಹೋದರೂ ಮಿಣುಕುತ್ತದೆ; ಅದಕ್ಕೆ ಗೊತ್ತಿರುವುದು ಮನೆಯೊಳಗಿನ ವರ್ತಮಾನ ಮಾತ್ರ. ಶಬ್ದಪ್ರಮಾಣಕ್ಕಾಗಿ ನೆಟ್ ಕೊಡುವ ಕಂಪನಿಗೆ ಫೋನು ಹಚ್ಚಿದೆ. ಆಪ್ತವಾಕ್ಯ ಕೇಳಿಬಂತು: ಮರಾಠಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ, ಇಂಗ್ಲಿಷಿಗೆ ಮೂರು ಒತ್ತಿ. ಸ್ಪೀಕರಿನಲ್ಲಿ ಕೇಳಿಸಿಕೊಂಡ ನಮ್ಮವ್ವ, ‘ಕನ್ನಡಕ್ಕ ಯಾರ ಕಾಲ ಒತ್ತಬೇಕಂತ ಕೇಳು’ ಅಂದಳು. ಒಂದು ಒತ್ತಿದೆ. ಸಂಗೀತ ಬಂತು. ದೂರು ದಾಖಲಾಗಿದೆ ಎಂದು ಮೆಸೇಜು ಬಂತು. ನಂಬರಿನಲ್ಲಿ ಹನ್ನೆರಡು ಅಂಕಿ ಇದ್ದದ್ದನ್ನು ನೋಡಿ, ನನಗಿಂತ ಮುಂದೆ ಎಷ್ಟು ಕೋಟಿ ಜನ ಸಾಲಿನಲ್ಲಿರಬಹುದೆಂದು ಅಂಜಿಕೆಯಾಯಿತು.

ಹೀಗೆ ಎಲ್ಲ ದಾರಿ ಮುಚ್ಚಿದಾಗ ಅವ್ವನ ಲಗ್ನವಾಕ್ಯ ನೆನಪಾಯಿತು, ಮತ್ತು ಊರ ಹೆಸರೂ. ಸಂಗ ಎರಡು ಬಗೆ. ಲ್ಯಾಪ್‌ಟಾಪಿಗೂ ಡಬ್ಬಿಗೂ ನಡುವಿನದು ಒಳಸಂಗ, ಇದು ಗಾಳಿಯಲ್ಲಿ ಆಗುವಂಥದ್ದು. ಡಬ್ಬಿಗೂ ಜಗತ್ತಿಗೂ ನಡುವಿನದು ಹೊರಸಂಗ, ಇದು ತಂತಿಯಲ್ಲಿ ಬರುವಂಥದ್ದು. ಕನೆಕ್ಟೆಡ್ ಎಂಬ ಮಾತು ಮೊದಲನೆಯದಕ್ಕೆ ಸೇರಿದ್ದು, ನೋ ಇಂಟರ್ನೆಟ್ ಎಂಬುದು ಎರಡನೆಯದಕ್ಕೆ. ಎರಡೂ ನಿಜ. ಜನ ಎರಡನ್ನೂ ಒಂದೇ ಎಂದು ಬಗೆದು ಲ್ಯಾಪ್‌ಟಾಪನ್ನು ಬಯ್ಯುತ್ತಾರೆ. ಸಿದ್ಧರಾಮ 12ನೇ ಶತಮಾನದಲ್ಲಿ ನಮ್ಮ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೋಲಾಪುರದಲ್ಲಿ, ಕೆರೆ ಕಟ್ಟಿಸಿದ. ತಂಬಿಗೆಯಲ್ಲಿ ನೀರಿಲ್ಲದಿದ್ದರೆ ಕೆರೆ ಬತ್ತಿದೆಯೋ, ತಂಬಿಗೆ ತೂತಾಗಿದೆಯೋ ಎಂದು ನೋಡಬೇಕೆಂಬುದು ಈ ನಾಡಿನವರಿಗೆ ಎಂಟು ನೂರು ವರ್ಷಗಳಿಂದ ಗೊತ್ತಿರಬೇಕಾದ ಸಂಗತಿ.

ಇದನ್ನು ಪರೀಕ್ಷಿಸುವ ವಿಧಿಗೆ ಪಿಂಗ್ ಎಂದು ಹೆಸರು. ಕರಿ ಕಿಟಕಿ ತೆರೆದು, ಪಿಂಗ್ ಎಂದು ಬರೆದು, ಮುಂದೆ ಒಂದು ಪತ್ತಾ ಬರೆಯಬೇಕು. ‘ಇದ್ದೀಯೇನಪಾ?’ ಎಂದು ಕೂಗಿದಂತೆ. ‘ಇದ್ದೀನಿ’ ಎಂಬುದು ತಿರುಗಿ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ಅದೇ ಹೇಳುತ್ತದೆ.

ಮೊದಲು 127.0.0.1. ಇದು ಯಾವ ಲ್ಯಾಪ್‌ಟಾಪಿಗಾದರೂ ಅದರ ಸ್ವಂತ ಪತ್ತಾ. ತನ್ನನ್ನು ತಾನೇ ಕೂಗಿ ತಾನೇ ಓ ಎನ್ನುವುದು. ಆತ್ಮಜ್ಞಾನಕ್ಕೆ ನೆಟ್ ಬೇಕಿಲ್ಲ ಎಂದು ಇದರಿಂದ ಸಿದ್ಧವಾಗುತ್ತದೆ.

ಎರಡನೆಯದು 192.168.1.1, ಬಹಳ ಮನೆಗಳಲ್ಲಿ ಡಬ್ಬಿಯ ಪತ್ತಾ. ಹಳ್ಳಿಗೊಂದು ಹನುಮಪ್ಪನ ಗುಡಿ ಇದ್ದಂತೆ ಈ ಅಂಕಿ ವಳಸಂಗದಲ್ಲೂ ಇದೆ, ಅಕ್ಕಲಕೋಟೆಯಲ್ಲೂ ಇದೆ, ಅಮೆರಿಕದಲ್ಲೂ ಇದೆ. ಮನೆಯೊಳಗೆ ಮಾತ್ರ ಬಳಸಲು ಇಂಥ ಕೆಲವು ಅಂಕಿಗಳನ್ನು 1996ರಲ್ಲೇ ಎತ್ತಿಟ್ಟಿದ್ದಾರೆ, ಆದ್ದರಿಂದ ಜಗಳವಿಲ್ಲ. ಇಲ್ಲಿಂದ ಉತ್ತರ ಬಾರದಿದ್ದರೆ ಒಳಸಂಗವೇ ಕೆಟ್ಟಿದೆ. ಆಗ ಲ್ಯಾಪ್‌ಟಾಪಿಗೆ ಸಿಕ್ಕ ಅಂಕಿ ನೋಡಬೇಕು. ಅದು 169.254 ಎಂದು ಶುರುವಾಗಿದ್ದರೆ ಡಬ್ಬಿ ಅದಕ್ಕೆ ಜಾಗವನ್ನೇ ಕೊಟ್ಟಿಲ್ಲ. ಯಾರೂ ಕರೆಯದಿದ್ದರೂ ತಾನೇ ಕುರ್ಚಿ ಹಾಕಿಕೊಂಡು ಕೂತ ಪುಢಾರಿಯಂತೆ ಅದು ತನಗೆ ತಾನೇ ಅಂಕಿ ಕೊಟ್ಟುಕೊಂಡಿದೆ. ಆ ನೆಟ್‌ವರ್ಕನ್ನು ಮರೆತುಬಿಡು ಎಂದು ಆಜ್ಞೆ ಮಾಡಿ, ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಸಬೇಕು. ಇದಕ್ಕೂ ಮೊದಲು ವಿಮಾನದ ಚಿಹ್ನೆ ಒತ್ತಿ ಹೋಗಿದೆಯೇ ನೋಡಿಕೊಳ್ಳುವುದು ವಾಸಿ. ಹೋಟಗಿ ರಸ್ತೆಯ ನಿಲ್ದಾಣದಲ್ಲಿ ವಿಮಾನ ಕಾಣುವುದು ಅಪರೂಪವಾಗಿದ್ದ ಕಾಲದಲ್ಲೂ ಸೋಲಾಪುರದ ಲ್ಯಾಪ್‌ಟಾಪುಗಳಲ್ಲಿ ಅದು ಹಾರುತ್ತಲೇ ಇತ್ತು.

ಮೂರನೆಯದು 8.8.8.8. ಇದು ಊರ ಹೊರಗಿನದು, ಗೂಗಲ್‌ನವರು 2009ರಲ್ಲಿ ತೆರೆದಿಟ್ಟದ್ದು. ಇದು ಓಗೊಟ್ಟರೆ ಹೊರಸಂಗವೂ ಇದೆ.

ನಾಲ್ಕನೆಯದು ಅಂಕಿ ಬಿಟ್ಟು ಹೆಸರು ಹಿಡಿದು ಕೂಗುವುದು. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್ ಕೈಕೊಟ್ಟಿದೆ. ಇದನ್ನು ಪಟ್ಟಣದವರಿಗೆ ತಿಳಿಸುವುದು ಕಷ್ಟ, ನಮ್ಮವ್ವನಿಗೆ ಸುಲಭ. ಆಕೆ ಕಲಿತದ್ದು ಕನ್ನಡ ಸಾಲೆ. ಸೋಲಾಪುರದ ಸ್ಟ್ಯಾಂಡಿನಲ್ಲಿ ನಿಂತ ಎಸ್‌ಟಿ ಬಸ್ಸಿನ ಬೋರ್ಡು ಮರಾಠಿ. ಬಸ್ಸಿದೆ, ರಸ್ತೆ ಇದೆ, ಡ್ರೈವರ್ ಇದ್ದಾನೆ, ಕಿಸೆಯಲ್ಲಿ ರೊಕ್ಕ ಇದೆ. ಬೋರ್ಡು ಓದಿ ಹೇಳುವವರು ಸಿಗುವ ತನಕ ಆಕೆ ವಳಸಂಗ ಮುಟ್ಟುವುದಿಲ್ಲ. ಡಿಎನ್‌ಎಸ್ ಎಂದರೆ ಆ ಓದಿ ಹೇಳುವವರು.

ನಮ್ಮ ಪರೀಕ್ಷೆಯ ಫಲ: ಒಂದನೆಯದು ಸರಿ. ಎರಡನೆಯದು ಎರಡೇ ಮಿಲಿಸೆಕೆಂಡಿನಲ್ಲಿ ಓಗೊಟ್ಟಿತು. ಮೂರನೆಯದರಿಂದ ಮೌನ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ವಿದ್ವತ್ತು ಎಂದ ಮೇಲೆ ತಪ್ಪೂ ದಾಖಲಾಗಬೇಕು. ಫಲ ಕೈಯಲ್ಲಿದ್ದರೂ ಗೋಡೆಯ ಮೇಲೆ ಅಧ್ಯಾಯವೊಂದನ್ನು ಬರೆಯಲು ಕೂತೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ, ಕಲ್ಲುಗೋಡೆ ಎರಡು ಅಡಿ ದಪ್ಪ. ಅಜ್ಜ ಕಟ್ಟಿಸಿದ್ದು ಬಿಸಿಲು ಒಳಗೆ ಬಾರದಿರಲೆಂದು. ಬಿಸಿಲೂ ವಿದ್ಯುತ್ಕಾಂತ ತರಂಗ, ವೈಫೈಯೂ ವಿದ್ಯುತ್ಕಾಂತ ತರಂಗ. ಗೋಡೆ ಭೇದ ಮಾಡುವುದಿಲ್ಲ. 2.4 ಗಿಗಾಹರ್ಟ್ಸಿನ ತರಂಗದ ಉದ್ದ ಹನ್ನೆರಡೂವರೆ ಸೆಂಟಿಮೀಟರು, ಅರ್ಧ ಗೇಣಿಗಿಂತ ತುಸು ಹೆಚ್ಚು. 5 ಗಿಗಾಹರ್ಟ್ಸಿನದು ಅದರ ಅರ್ಧ. ಓಟ ಜೋರು, ಗೋಡೆ ಕಂಡರೆ ಸುಸ್ತು. ಆದ್ದರಿಂದ ಪಡಸಾಲೆಯಲ್ಲಿ 5, ಒಳಕೋಣೆಯಲ್ಲಿ 2.4 ಎಂಬುದು ನನ್ನ ಸಿದ್ಧಾಂತ. ಈ 2.4ರ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಭಾರತ ಸರಕಾರ 2005ರಲ್ಲಿ ಬಿಟ್ಟುಕೊಟ್ಟಿತು. ಬಿಟ್ಟುಕೊಟ್ಟದ್ದು ಎಲ್ಲರಿಗೂ ಆದ್ದರಿಂದ ಓಣಿಯ ಡಬ್ಬಿಗಳೆಲ್ಲ ಅದರಲ್ಲೇ ಕೂಗಾಡುತ್ತವೆ. 1, 6, 11 ಎಂಬ ಮೂರು ಚಾನಲ್ಲುಗಳಲ್ಲಿ ಮಾತ್ರ ಒಬ್ಬರ ಮಾತು ಇನ್ನೊಬ್ಬರ ಮೇಲೆ ಬೀಳುವುದಿಲ್ಲ. ಡಬ್ಬಿಯ ಮುಂದೆ ನೀರು ತುಂಬಿದ ತಾಮ್ರದ ಹಂಡೆ, ಕಡಕ್ ರೊಟ್ಟಿಯ ಸ್ಟೀಲ್ ಡಬ್ಬಾ ಇಡಬಾರದು: ಲೋಹ ತರಂಗವನ್ನು ಹಿಂದೆ ತಳ್ಳುತ್ತದೆ, ನೀರು ನುಂಗುತ್ತದೆ. ನಮ್ಮಲ್ಲಿ ಎರಡೂ ಇದ್ದವು. ಮೇಲೆ ಧೂಳು ಕೂಡಬಾರದೆಂದು ಅವ್ವ ಸೋಲಾಪುರಿ ಟಾವೆಲನ್ನೂ ಹೊದಿಸಿದ್ದಳು. ಟಾವೆಲ್ ತರಂಗದ ವಿಷಯದಲ್ಲಿ ನಿರ್ದೋಷಿ, ಹತ್ತಿ ಅದನ್ನು ತಡೆಯುವುದಿಲ್ಲ. ಬಿಸಿ ಹೊರಹೋಗುವುದನ್ನು ತಡೆಯುತ್ತದೆ, ಆ ಅಪರಾಧಕ್ಕೆ ಅದನ್ನು ತೆಗೆದೆ.

ತೆಗೆದಾಗ ಕಂಡಿತು. ಅಡಿಯಲ್ಲಿ ಕೆಂಪು ದೀಪವೊಂದು ಉರಿಯುತ್ತಿತ್ತು. ಟಾವೆಲಿನ ಕೆಳಗೆ ಮೂರು ದಿನದಿಂದ ಉರಿದಿರಬಹುದು. ಪಕ್ಕದಲ್ಲಿ ಮೂರು ಇಂಗ್ಲಿಷ್ ಅಕ್ಷರ: ಎಲ್, ಓ, ಎಸ್. ಇದರ ಅರ್ಥ ಸಿಗ್ನಲ್ ನಷ್ಟ ಎಂದು ತಂತ್ರಜ್ಞರು ಬಿಡಿಸುತ್ತಾರೆ. ಕಾಕಾ ಕನ್ನಡಕ ಏರಿಸಿ ಒಟ್ಟಿಗೆ ಓದಿದರು. ‘ಲಾಸ್ ಅಂತ ಬರದಾರಲ್ರೀ! ಲಾಸ್ ಆಗೇದ.’ ಪಂಡಿತಪಾಠವೂ ಜನಪದಪಾಠವೂ ಒಂದೇ ಅರ್ಥ ಕೊಡುವ ಪ್ರಸಂಗ ಪಠ್ಯಸಂಪಾದನೆಯಲ್ಲಿ ಬಲು ವಿರಳ.

ಡಬ್ಬಿಯ ಹಿಂದಿನ ತೆಳ್ಳನೆಯ ಹಳದಿ ವೈರನ್ನು ಹಿಡಿದು ಹೋದೆ. ಅದು ತಾಮ್ರದ ತಂತಿಯಲ್ಲ, ಗಾಜಿನ ಎಳೆ. ಬೆಳಕು ಓಡುವ ಅದರ ನಡುತಿರುಳು ಒಂಬತ್ತು ಮೈಕ್ರಾನಿನಷ್ಟು, ತಲೆಗೂದಲಿಗಿಂತ ಎಷ್ಟೋ ಸಣ್ಣ. ಒಳಗೋಡೆಗೆ ಬಡಿದು ಬಡಿದು ಒಳಗೇ ತಿರುಗುತ್ತ ಬೆಳಕು ಮೈಲುಗಟ್ಟಲೆ ಬರುತ್ತದೆ. ದೊಡ್ಡ ತಿರುವಾದರೆ ಸರಿ, ಗಂಟಿನಂತೆ ಬಗ್ಗಿಸಿದರೆ ಆ ಬಾಗಿನಲ್ಲಿ ಸೋರಿಹೋಗುತ್ತದೆ. ನಮ್ಮ ವೈರು ಗೋಡೆಯ ಮೊಳೆಗೆ ಆರು ಸುತ್ತು, ಬಿಗಿಯಾಗಿ, ಎತ್ತಿನ ಹಗ್ಗದ ಹಾಗೆ ಸುತ್ತಿಕೊಂಡಿತ್ತು.

‘ಅವ್ವಾ, ಇದನ್ನ ಯಾರು ಸುತ್ತಿದ್ರು?’

‘ನಾನss. ದೀಪಾ ಹಚ್ಚೂವಾಗ ಅಡ್ಡ ಬರ್ತಿತ್ತು.’

ಬಿಚ್ಚಿದೆ. ಕೆಂಪು ಆರಿತು. 8.8.8.8 ಓಗೊಟ್ಟಿತು. ಮಗಳು ಮಾತಾಡದೆ ಲ್ಯಾಪ್‌ಟಾಪು ಎತ್ತಿಕೊಂಡು ಒಳಕೋಣೆಗೆ ಹೋದಳು. ಎರಡು ದಿನದ ನಂತರ ಕಂಪನಿಯಿಂದ ಮೆಸೇಜು ಬಂತು, ನಮ್ಮ ತಂತ್ರಜ್ಞರು ನಿಮ್ಮ ದೂರನ್ನು ಯಶಸ್ವಿಯಾಗಿ ಬಗೆಹರಿಸಿದ್ದಾರೆ ಎಂದು. ಅವ್ವನನ್ನು ಅವರು ಯಾವಾಗ ನೇಮಿಸಿಕೊಂಡರೋ ಕಾಣೆ.

ಈ ಕಡೆ ಬಂದ ಸಂಶೋಧಕರು ಮನೆಗೆ ಬರಬೇಕು. ಮೊಳೆ ಇನ್ನೂ ಅಲ್ಲೇ ಇದೆ, ನೋಡಬಹುದು. ರೊಟ್ಟಿ, ಶೇಂಗಾ ಚಟ್ನಿ ಸದಾ ಇರುತ್ತವೆ. ಪಾಸ್‌ವರ್ಡನ್ನು ಮಾತ್ರ ನನ್ನನ್ನು ಕೇಳಬೇಡಿ. ಅದನ್ನು ಅವ್ವ ದಾತೆ ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟಿದ್ದಳು, ಯುಗಾದಿಗೆ ಹೊಸ ಪಂಚಾಂಗ ಬಂದಿದೆ.