ಬಾಯಿ ಬಿಡದವರ ಕಥೆಗಳು

ಪ್ರೇಮ ಕಾದಂಬರಿಗೂ ಪತ್ತೇದಾರಿ ಕಾದಂಬರಿಗೂ ಬಂಡವಾಳ ಒಂದೇ: ಬಾಯಿ ಬಿಡದಿರುವುದು. ಒಂದರಲ್ಲಿ ನಾಯಕ ಮನಸ್ಸಿನ ಮಾತು ಹೇಳುವುದಿಲ್ಲ, ಇನ್ನೊಂದರಲ್ಲಿ ಕೊಲೆಗಾರ ಮಾಡಿದ ಕೆಲಸ ಹೇಳುವುದಿಲ್ಲ. ಇಬ್ಬರೂ ಮೂರನೇ ಪುಟದಲ್ಲೇ ನಿಜ ನುಡಿದರೆ ಪ್ರಕಾಶಕರು ಉಪವಾಸ ಬೀಳುತ್ತಾರೆ. ಹಾಗಾಗಿ ಮುಚ್ಚಿಡುವುದಕ್ಕೆ ನನ್ನ ತಕರಾರಿಲ್ಲ. ಯಾಕೆ ಮುಚ್ಚಿಟ್ಟಿರಿ ಎಂದಷ್ಟೇ ಲೆಕ್ಕ ಕೇಳುತ್ತೇನೆ. ಕೊಲೆಗಾರನಿಗಾದರೆ ಜೈಲಿನ ಭಯ. ಈಗಿನ ಪ್ರೇಮಿಗಳಿಗೇನು ರೋಗ? ಕೈಯಲ್ಲಿ ಮೊಬೈಲು, ಇಬ್ಬರಿಗೂ ಸಂಬಳ, ಮನೆಯವರೂ ಒಳಗೊಳಗೇ ಒಪ್ಪಿದವರು. ಆದರೂ ನಾಯಕಿಯ ಜೊತೆ ಕಾಫಿ ಕುಡಿದವನು ಅವಳ ಚಿಕ್ಕಪ್ಪನ ಮಗ ಎಂದು ತಿಳಿಯಲು ನಾಯಕನಿಗೆ ನೂರೈವತ್ತು ಪುಟ ಬೇಕು. (ಸೋದರತ್ತೆಯ ಮಗನಾಗಿದ್ದರೆ ಆ ಅನುಮಾನಕ್ಕೆ ನಮ್ಮ ಕಡೆ ಅರ್ಥವಾದರೂ ಇರುತ್ತಿತ್ತು.)

ಇಂಥ ಕಥೆಗಳು ಬೆಂಗಳೂರಿನ ಫ್ಲ್ಯಾಟಿನಲ್ಲೋ ಸಕಲೇಶಪುರದ ಎಸ್ಟೇಟಿನಲ್ಲೋ ನಡೆಯುವುದು ಸುಮ್ಮನೆ ಅಲ್ಲ. ದಾವಣಗೆರೆ ಜಿಲ್ಲೆಯ ನಮ್ಮ ತಾಲ್ಲೂಕುಗಳಿಗೆ ತಂದರೆ ಅವು ಎರಡನೇ ಅಧ್ಯಾಯ ದಾಟುವುದಿಲ್ಲ. ಹೊನ್ನಾಳಿಯ ತುಂಗಭದ್ರಾ ದಂಡೆಯಲ್ಲಿ ಹುಡುಗ ಹುಡುಗಿ ನಿಂತು ಮಾತಾಡಿದರೆ, ಅವರು ಬಸ್ಸು ಹತ್ತುವ ಮುಂಚೆಯೇ ಸುದ್ದಿ ನ್ಯಾಮತಿ ಮುಟ್ಟಿರುತ್ತದೆ. ಹುಡುಗಿ ಇಳಿಯುವಷ್ಟರಲ್ಲಿ ಅವಳ ಸೋದರಮಾವನಿಗೆ ಹುಡುಗನ ಮನೆತನ, ತೋಟದ ಎಕರೆ, ಬೋರ್‌ವೆಲ್ಲಿನಲ್ಲಿ ಎಷ್ಟು ಇಂಚು ನೀರು, ಎಲ್ಲ ಗೊತ್ತು. ಅಪಾರ್ಥಕ್ಕೆ ಇಲ್ಲಿ ಪುರುಸೊತ್ತೇ ಇಲ್ಲ. ಹಾಗೆಂದು ಅಡ್ಡಿಗಳಿಗೇನು ಬರವೇ? ಚನ್ನಗಿರಿಯ ಅಡಿಕೆ ತೋಟದ ಮನೆಗೂ ಜಗಳೂರಿನಲ್ಲಿ ಮಳೆ ನಂಬಿ ಬಿತ್ತುವ ಮನೆಗೂ ಜಿಲ್ಲೆ ಒಂದೇ. ಆದರೆ ನಡುವಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು, ಕ್ವಿಂಟಲಿನ ಧಾರಣೆಯಲ್ಲಿ ಅಳೆಯಬೇಕು. ಅಲ್ಲಿ ಬೇರೆ ಖಳನಾಯಕನೇ ಬೇಡ. ಇನ್ನು, ಐದೆಕರೆ ತೋಟವಿದ್ದೂ ‘ಬೆಂಗಳೂರಲ್ಲಿ ಕೆಲಸ ಐತೇನು?’ ಎಂಬ ಪ್ರಶ್ನೆಗೆ ಸೋತು ಮದುವೆಯಾಗದೆ ಉಳಿದ ರೈತ ಹುಡುಗನಿದ್ದಾನಲ್ಲ, ಇವತ್ತಿನ ಪ್ರೇಮ ಕಾದಂಬರಿಯ ನಾಯಕ ಅವನೇ ಆಗಬೇಕಿತ್ತು. ಮುಖಪುಟದ ಚಿತ್ರಕ್ಕೆ ಒಗ್ಗುವುದಿಲ್ಲವೆಂದು ಬಿಟ್ಟರೋ ಏನೋ.

ಹಳೆಯದೆಲ್ಲ ಚಿನ್ನ ಎಂಬ ರಾಗ ಇದಲ್ಲ. ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಒಂದು ತಲೆಮಾರಿಗೆ ಓದಿನ ಚಟ ಹತ್ತಿಸಿದರು. ಆ ಪುಣ್ಯ ದೊಡ್ಡದು. ಆದರೆ ಅಲ್ಲಿ ಎಷ್ಟೋ ಸಲ ಕೊಲೆಗಾರನಿಗಿಂತ ಮೊದಲು ತರ್ಕವೇ ತಲೆಮರೆಸಿಕೊಳ್ಳುತ್ತದೆ. ಅದೇ, 1963ರಲ್ಲೇ ತೀರಿಕೊಂಡ ತ್ರಿವೇಣಿಯವರ ‘ಶರಪಂಜರ’ ನೋಡಿ. ಕಾವೇರಿಯ ಮನಸ್ಸಿನಲ್ಲಿ ಹೂತಿಟ್ಟ ಗುಟ್ಟು ಹೊರಬಿದ್ದರೆ ಸಂಸಾರ ಹೋಗುತ್ತದೆ, ಬೀಳದಿದ್ದರೆ ಬುದ್ಧಿಯೇ ಹೋಗುತ್ತದೆ. ಮೌನಕ್ಕೆ ಅಷ್ಟು ಬೆಲೆ ಕಟ್ಟಿದ್ದರಿಂದಲೇ, ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿ ಕೊನೆ ಏನೆಂದು ನಾಡಿಗೆಲ್ಲ ಗೊತ್ತಾದ ಮೇಲೂ ಪುಸ್ತಕ ಸಾಯಲಿಲ್ಲ. ಈಚಿನವರಲ್ಲಿ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’, ‘ಕರಿಸಿರಿಯಾನ’ಗಳಿವೆ. ಪಾತ್ರಗಳು ಪ್ರಾಣ ಹೋಗುವ ಹೊತ್ತಿನಲ್ಲೂ ಇತಿಹಾಸದ ಪಾಠ ಒಪ್ಪಿಸುತ್ತವೆ ಎಂಬ ದೂರು ನನಗೂ ಇದೆ; ಆದರೆ ಗುಟ್ಟು ಮಾತ್ರ ಗಟ್ಟಿ. ಅದನ್ನು ಮುಚ್ಚಿಟ್ಟದ್ದು ಲೇಖಕರಲ್ಲ, ಕಾಲ. ಅಂಥ ಕೈಗೆ ಸಂತೇಬೆನ್ನೂರಿನ ಪುಷ್ಕರಣಿಯೋ ಸೂಳೆಕೆರೆ ಕಟ್ಟಿಸಿದ ಶಾಂತವ್ವನ ಐತಿಹ್ಯವೋ ಸಿಕ್ಕರೆ, ಕಥೆಗಾಗಿ ಚನ್ನಗಿರಿ ತಾಲ್ಲೂಕು ಬಿಟ್ಟು ಹೊರಗೆ ಹೋಗಬೇಕಿಲ್ಲ.

‘ಹೊತ್ತು ಕಳೆಯಲು ಓದುವ ಪುಸ್ತಕ, ಅದಕ್ಕೇಕೆ ಇಷ್ಟೊಂದು ತನಿಖೆ?’ ಎನ್ನುವವರಿದ್ದಾರೆ. ಹೊತ್ತು ಕಳೆಯಲು ಓದುವವನಷ್ಟು ನಿಷ್ಠುರ ವಿಮರ್ಶಕ ಇನ್ನೊಬ್ಬನಿಲ್ಲ ಸ್ವಾಮಿ. ಘನ ಸಾಹಿತ್ಯ ಬೇಸರ ತಂದರೆ ತನ್ನ ತಲೆಯದೇ ತಪ್ಪು ಎಂದುಕೊಳ್ಳುತ್ತಾನೆ. ಥ್ರಿಲ್ಲರ್ ಬೇಸರ ತಂದರೆ ಬಸ್ಸಿನ ಸೀಟಿನ ಮೇಲೇ ಬಿಟ್ಟು ಇಳಿದುಹೋಗುತ್ತಾನೆ. ‘ನಿಜಜೀವನದಲ್ಲೂ ಜನ ಹೇಳಬೇಕಾದ್ದನ್ನು ಹೇಳುವುದಿಲ್ಲವಲ್ಲ’ ಎಂಬ ಮಾತು ಇದಕ್ಕಿಂತ ತೂಕದ್ದು, ಒಪ್ಪುತ್ತೇನೆ. ಹೇಳುವುದಿಲ್ಲ: ಜಾತಿಗೆ ಅಂಜಿ, ಸಾಲಕ್ಕೆ ಅಂಜಿ, ಅಪ್ಪನ ಎದೆನೋವಿಗೆ ಅಂಜಿ. ಆ ಅಂಜಿಕೆಯನ್ನೇ ಬರೆಯಿರಿ ಎಂದು ಕೇಳುತ್ತಿದ್ದೇನೆ. ಮೊಬೈಲಿನಲ್ಲಿ ಕಂತುಕಂತಾಗಿ ಬರೆಯುವವರಿಗೆ ದಿನವೂ ಒಂದು ಕುತೂಹಲ ಉಳಿಸುವ ಒತ್ತಾಯವಿದೆ, ಸರಿ. ವಾರಪತ್ರಿಕೆಯ ಧಾರಾವಾಹಿಗೂ ಅದೇ ಕಟ್ಟುಪಾಡಿತ್ತು, ‘ಮುಂದುವರಿಯುವುದು’ ಎಂಬ ಪದದ ಮೇಲೆ ಎಷ್ಟೋ ಸಂಸಾರಗಳು ಏಳು ದಿನ ಉಸಿರು ಹಿಡಿದಿರುತ್ತಿದ್ದವು.

ಗುಟ್ಟಿಗಿಂತ ಅದನ್ನು ಮುಚ್ಚಿಟ್ಟ ಕಾರಣವೇ ದೊಡ್ಡದು ಎಂದ ಮೇಲೆ, ಗ್ರಂಥಾಲಯದ ಪತ್ತೇದಾರಿ ಪುಸ್ತಕದ ಮೊದಲ ಪುಟದಲ್ಲೇ ಕೊಲೆಗಾರನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಡುವ ಮಹಾನುಭಾವರ ಮೇಲೂ ನನಗೆ ಸಿಟ್ಟಿಲ್ಲ. ಆ ಒಂದು ಗೀಟಿಗೇ ಸಾಯುವ ಪುಸ್ತಕ ಸಾಯಲಿ. ಆದರೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುವ ಓದುಗರ ಪರವಾಗಿ ಒಂದು ಕೋರಿಕೆ: ಹೆಸರು ಬೇಕಾದರೆ ಬರೆಯಿರಿ, ಕೊನೆಯ ಹಾಳೆ ಮಾತ್ರ ಹರಿದುಕೊಂಡು ಹೋಗಬೇಡಿ.