ಗಗನಕುಸುಮ ಮೀಮಾಂಸೆ

ಇಲ್ಲದ್ದಕ್ಕೆ ಉದಾಹರಣೆ ಬೇಕಾದಾಗ ನಮ್ಮ ತಾರ್ಕಿಕರ ಚೀಲದಲ್ಲಿ ಮೂರು ಸಾಮಾನು ಸದಾ ಸಿದ್ಧವಿರುತ್ತಿದ್ದವು: ಮೊಲದ ಕೊಂಬು, ಬಂಜೆಯ ಮಗ, ಆಕಾಶದ ಹೂವು. ಮೊದಲೆರಡರ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದು ಇದೆ ಎಂದು ಸಾಧಿಸುವುದು ಈ ಪ್ರಬಂಧದ ಪ್ರತಿಜ್ಞೆ. ವರ್ಷಕ್ಕೆರಡು ಸಲ, ಗಣರಾಜ್ಯೋತ್ಸವಕ್ಕೊಮ್ಮೆ ಸ್ವಾತಂತ್ರ್ಯ ದಿನಕ್ಕೊಮ್ಮೆ, ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವಷ್ಟು ದಿನವೂ ಹಲಸೂರಿನ ನಮ್ಮ ತಾರಸಿಯ ಡಿಶ್ಶಿಗೆ ಆಕಾಶದಿಂದ ಹೂ ಉದುರುತ್ತದೆ. ತಂತಿಯಲ್ಲಿ ಇಳಿದು ಹಾಲಿನ ಟೀವಿಯಲ್ಲಿ ಅರಳುತ್ತದೆ. ಆದ್ದರಿಂದ ಗಗನಕುಸುಮ ಇದೆ. ರೀಚಾರ್ಜ್ ಮುಗಿದ ದಿನ ಮಾತ್ರ ಪ್ರಾಚೀನರ ಮತವೇ ಸರಿ.

ಶಾಸ್ತ್ರ ಬರೆಯುವವನು ಮೊದಲು ಅದಕ್ಕೆ ಅಧಿಕಾರಿ ಯಾರೆಂದು ಹೇಳಬೇಕು. ಬಸವನಗುಡಿ, ಜಯನಗರದವರಿಗೆ ಇಲ್ಲಿ ಅಧಿಕಾರವಿಲ್ಲ; ಅವರು ಚಪ್ಪಲಿ ಮೆಟ್ಟಿ ಹೊರಟರೆ ಲಾಲ್‌ಬಾಗ್ ಬಂದುಬಿಡುತ್ತದೆ, ಅಂಥವರಿಗೆ ಮೀಮಾಂಸೆ ಯಾಕೆ? ಶಿವಾಜಿನಗರದಿಂದ ಹಿಡಿದು ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದವರೆಗಿನ ನಾವೇ ಅಧಿಕಾರಿಗಳು. ನಮ್ಮದು ದಂಡು. 1809ರಲ್ಲಿ ಬ್ರಿಟಿಷರ ಪಡೆ ಬಂದು ಕೂತ ಮೇಲೆ 1949ರಲ್ಲಿ ಎರಡೂ ಸೇರಿ ಒಂದು ಕಾರ್ಪೊರೇಷನ್ ಆಗುವವರೆಗೆ ಪೇಟೆಯೇ ಬೇರೆ, ದಂಡೇ ಬೇರೆ. ಹೈದರಲಿ ನೆಡಿಸಿದ ತೋಟ ನಮಗೆ ಪರರಾಜ್ಯದ ತೋಟ. ನಮ್ಮ ಬೀದಿಯ ಹಿರಿಯರು ಇಂದಿಗೂ ಮೆಜೆಸ್ಟಿಕ್‌ಗೆ ಹೊರಟರೆ 'ಸಿಟಿಗೆ ಹೋಗಿ ಬರ್ತೀನಿ' ಎನ್ನುತ್ತಾರೆ.

ಮೆಟ್ರೋ ಇದೆಯಲ್ಲ ಎಂಬ ಪೂರ್ವಪಕ್ಷವನ್ನು ನನ್ನ ಹೆಂಡತಿ ಎತ್ತಿದಳು. (ನಮ್ಮ ಮನೆಯಲ್ಲಿ ಪೂರ್ವಪಕ್ಷದ ಖಾತೆ ಅವಳದು.) ಇದೆ, 2011ರಿಂದ ನೇರಳೆ ಮಾರ್ಗ ನಮ್ಮ ತಲೆಯ ಮೇಲೇ ಓಡುತ್ತಿದೆ. 2017ರಿಂದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ಎಂಬ ನಿಲ್ದಾಣವೇ ಇದೆ. ಆದರೆ ನಡುವೆ ಮೆಜೆಸ್ಟಿಕ್‌ನ ಪಾತಾಳದಲ್ಲಿ ನೇರಳೆ ಬಿಟ್ಟು ಹಸಿರು ಹಿಡಿಯಬೇಕು. ಅಷ್ಟು ಹೊತ್ತಿಗೆ ಎರಡು ಬಣ್ಣ ನೋಡಿದಂತಾಯಿತು. ಉಳಿದ ಬಣ್ಣಗಳನ್ನು ಮನೆಯಲ್ಲೇ ನೋಡಬಹುದೆಂಬುದು ಸಿದ್ಧಾಂತ.

ಇದಕ್ಕೆ ಕೆಂಪೇಗೌಡರ ಗೋಪುರಗಳ ಸಾಕ್ಷಿಯೂ ಉಂಟು. ಊರಿನ ನಾಲ್ಕು ಗೋಪುರಗಳಲ್ಲಿ ಒಂದು ಲಾಲ್‌ಬಾಗಿನ ಬಂಡೆಯ ಮೇಲಿದೆ, ಇನ್ನೊಂದು ನಮ್ಮ ಹಲಸೂರು ಕೆರೆಯ ಹತ್ತಿರ. ಗಡಿ ತೋರಿಸಲು ಕಟ್ಟಿದ್ದು ಎನ್ನುತ್ತಾರೆ. ನನ್ನ ಮತದಲ್ಲಿ ಇವು ಹಲಸೂರಿನವರು ಎದ್ದು ಹೋಗದೆ ಲಾಲ್‌ಬಾಗ್ ನೋಡಲೆಂದು ಮಾಡಿದ ಏರ್ಪಾಡು, ಅಂದರೆ ಮೊದಲ ದೂರದರ್ಶನ. ನಡುವೆ ಕಟ್ಟಡಗಳು ಎದ್ದವು, ಸಿಗ್ನಲ್ ಹೋಯಿತು.

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ದೊಡ್ಡದೆಂಬ ಮಾತಿಗೆ ಮರ್ಯಾದೆ ಕೊಟ್ಟು ಒಂದು ಭಾನುವಾರ ನಾನೂ ಹೋಗಿದ್ದೆ. ಸರದಿಯಲ್ಲಿ ನಿಂತೆ, ತಳ್ಳಿಸಿಕೊಂಡೆ, ಗಾಜಿನ ಮನೆಯೊಳಗೆ ಬಿದ್ದೆ. ಕಂಡದ್ದು ಇಷ್ಟು: ಅಪ್ಪನ ಹೆಗಲೇರಿದ ಒಂದು ಮಗು, ಮಗುವಿನ ಕೈಯ ಬಾಂಬೆ ಮಿಠಾಯಿ, ಅದರಾಚೆ ಮೇಲೆತ್ತಿದ ಮೊಬೈಲುಗಳ ಕಾಡು. ಹೂವು ಕಂಡದ್ದು ಆ ಮೊಬೈಲುಗಳ ಪರದೆಯಲ್ಲಿ. ನನ್ನ ಮುಂದಿದ್ದವರ ಫೋನು ಐದಿಂಚಿನದು. ಮನೆಯದು ನಲವತ್ಮೂರು ಇಂಚು. ಪರದೆಯಲ್ಲೇ ನೋಡುವುದಾದರೆ ಚಿಕ್ಕ ಪರದೆಗಾಗಿ ಟಿಕೆಟ್ ಕೊಳ್ಳುವುದು ಯಾವ ನ್ಯಾಯ? ಗಾಜಿನ ಮನೆಯೇ ದೊಡ್ಡದೊಂದು ಗಾಜಿನ ಪೆಟ್ಟಿಗೆ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಹಾಕಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿ. ಗಾಜಿನೊಳಗಿನ ಹೂವನ್ನು ಗಾಜಿನೊಳಗೇ ನೋಡುವ ನಮ್ಮದು ಸಂಪ್ರದಾಯ ಬಿಟ್ಟ ದಾರಿಯೇನಲ್ಲ.

ಈ ಪ್ರದರ್ಶನದ ಆತ್ಮ ಪ್ರತಿಕೃತಿ. ಇದ್ದದ್ದನ್ನು ಹೂವಿನಲ್ಲಿ ಮತ್ತೊಮ್ಮೆ ಮಾಡಿ ಗಾಜಿನ ಮನೆಯ ನಟ್ಟನಡುವೆ ನಿಲ್ಲಿಸುತ್ತಾರೆ. 2022ರ ಆಗಸ್ಟಿನಲ್ಲಿ ರಾಜ್‌ಕುಮಾರ್ ಮತ್ತು ಪುನೀತ್, 2024ರ ಜನವರಿಯಲ್ಲಿ ಬಸವಣ್ಣ ಮತ್ತು ಅನುಭವ ಮಂಟಪ. ಆದರೆ ಮೀಮಾಂಸಕನ ಬಾಯಲ್ಲಿ ನೀರೂರಿಸುವುದು 2023ರ ಆಗಸ್ಟ್. ಆ ಸಲ ಕೆಂಗಲ್ ಹನುಮಂತಯ್ಯನವರ ನೆನಪಿಗೆ ಹೂವಿನ ವಿಧಾನಸೌಧ ಎದ್ದಿತ್ತು. ಅಸಲಿ ವಿಧಾನಸೌಧ 1956ರಿಂದ ಕಲ್ಲಿನಲ್ಲಿ ನಿಂತಿದೆ. ಶಿವಾಜಿನಗರದಿಂದ ನಡೆದು ಹೋಗುವಷ್ಟು ಹತ್ತಿರ, ರಸ್ತೆಯಿಂದ ನೋಡಲು ಟಿಕೆಟಿಲ್ಲ. ನೇರಳೆ ಮಾರ್ಗದ ರೈಲು ಅದರ ಪಾದದಲ್ಲೇ ಸುರಂಗ ಕೊರೆದು ಹೋಗುತ್ತದೆ. ಆ ದಿನಗಳಲ್ಲಿ ನಮ್ಮ ಪೂರ್ವದಿಕ್ಕಿನ ಭಕ್ತರು ನಿಜದ ವಿಧಾನಸೌಧದ ನಿಲ್ದಾಣದಲ್ಲಿ ತಲೆ ಎತ್ತದೆ, ಮೆಜೆಸ್ಟಿಕ್ ಸುತ್ತಿ, ಲಾಲ್‌ಬಾಗ್ ಹೊಕ್ಕು, ಹೂವಿನ ವಿಧಾನಸೌಧದ ಮುಂದೆ ನಿಂತು 'ಥೇಟ್ ಹಂಗೇ ಇದೆ ನೋಡು' ಎಂದರು. ನಾನು ಮನೆಯಲ್ಲಿ ಅದರ ಚಿತ್ರ ನೋಡಿದೆ. ಕಲ್ಲಿನ ನಕಲು ಹೂವು, ಹೂವಿನ ನಕಲು ಬೆಳಕು. ಎರಡು ಮೆಟ್ಟಿಲು ಮೇಲೆ ಕೂತವನಿಗೆ ಅಹಂಕಾರ ಬಾರದೆ ಇರುತ್ತದೆಯೇ?

ಇನ್ನು ರಸವಿಚಾರ. ಭರತಮುನಿ ಸಂಚಾರಿ ಭಾವಗಳು ಮೂವತ್ತಮೂರು ಎಂದ. ವಾಹಿನಿಯವರು ಅವನ್ನು ಜಾಹೀರಾತೆಂದು ತಿಳಿದು ಒಂದನ್ನೂ ಬಿಡದೆ ತುಂಬಿದ್ದಾರೆ. ಸ್ಥಾಯೀಭಾವವೆಂದರೆ ಕೆಳಗೆ ಹರಿಯುವ ಪಟ್ಟಿ. ಮೇಲೆ ಗುಲಾಬಿ ನಗುತ್ತಿದ್ದರೆ ಕೆಳಗೆ ಚಿನ್ನದ ಬೆಲೆ. ಪುಷ್ಪಲೋಕ ಎಷ್ಟನೆಯ ಸಲವೋ ಧರೆಗಿಳಿಯುತ್ತದೆ. ಇಳಿಯುವುದೇ ಕೆಲಸವಾದ ಅದು ಮತ್ತೆ ಹತ್ತುವುದು ಯಾವಾಗ ಎಂಬುದನ್ನು ಯಾವ ವಾಹಿನಿಯೂ ತೋರಿಸಿಲ್ಲ. ವರದಿಗಾರ್ತಿ ಸಿಕ್ಕವರ ಬಾಯಿಗೆ ಮೈಕು ಹಿಡಿದು ಹೇಗನ್ನಿಸ್ತಿದೆ ಎನ್ನುತ್ತಾಳೆ. 'ಸಖತ್ತಾಗಿದೆ.' ಇಕೆಬಾನಕ್ಕೂ ಸಖತ್, ಬೋನ್ಸಾಯ್‌ಗೂ ಸಖತ್, ಕಲ್ಲಂಗಡಿಯಲ್ಲಿ ಕೆತ್ತಿದ ಮುಖಕ್ಕೂ ಸಖತ್. ಇಷ್ಟು ಕಡಿಮೆ ಅಕ್ಷರದಲ್ಲಿ ಇಷ್ಟು ಅಲಂಕಾರಶಾಸ್ತ್ರವನ್ನು ಇನ್ನಾರೂ ಮುಗಿಸಿಲ್ಲ.

ಕಿರುಚಾಟ ಯಾಕೆ ಎಂದು ಪೂರ್ವಪಕ್ಷ ಅಡುಗೆಮನೆಯಿಂದ ಕೇಳಿತು. ಉತ್ತರ ತರ್ಕಸಂಗ್ರಹದ ಮಕ್ಕಳಿಗೂ ಗೊತ್ತು: ಆಕಾಶದ ಗುಣ ಶಬ್ದ. ಆಕಾಶಮಾರ್ಗವಾಗಿ ಬಂದ ಹೂವು ಶಬ್ದ ಮಾಡಲೇಬೇಕು. ನಿರೂಪಕನ ತಪ್ಪಲ್ಲ, ದ್ರವ್ಯದ ಸ್ವಭಾವ. ಬೆಳಕಿಗೆ ರೂಪ ಉಂಟು, ಆದ್ದರಿಂದ ಸೇವಂತಿಗೆಯ ಹಳದಿ ಕಣ್ಣು ಚುಚ್ಚುವಷ್ಟು ಬರುತ್ತದೆ. ಗಂಧ ಮಾತ್ರ ಪೃಥ್ವಿಯ ಗುಣ, ಅದು ಆಕಾಶದಿಂದ ಬರುವ ಮಾತೇ ಇಲ್ಲ. ದೂರದರ್ಶನದವರು ತಮ್ಮ ಕನ್ನಡ ವಾಹಿನಿಗೆ ಚಂದನ ಎಂದೇ ಹೆಸರಿಟ್ಟು ನೋಡಿದರು. ಟೀವಿಗೆ ಮೂಗು ಹಚ್ಚಿ ಪರೀಕ್ಷಿಸಿದ್ದೇನೆ. ಬಿಸಿಯಾದ ಪ್ಲಾಸ್ಟಿಕ್, ಸ್ವಲ್ಪ ಧೂಳು.

ಗಂಧ ನೆಲದ ಗುಣವಾದ ಮೇಲೆ ಅದು ನೆಲದ ಮೇಲೆ ನಡೆದೇ ಬರಬೇಕು. ನಮ್ಮ ಭಾಗದಲ್ಲಿ ಅದಕ್ಕೆ ಕೊರತೆಯಿಲ್ಲ. ರಸೆಲ್ ಮಾರ್ಕೆಟ್ಟಿನ ಹೂವಿನಂಗಡಿಗಳ ಮುಂದೆ ಕಣ್ಣು ಮುಚ್ಚಿ ನಡೆದರೂ ಎಲ್ಲಿದ್ದೇವೆಂದು ತಿಳಿಯುತ್ತದೆ. ಸೋಮೇಶ್ವರನ ಜಾತ್ರೆಯ ರಾತ್ರಿ ಸುತ್ತಲಿನ ದೇವಸ್ಥಾನಗಳ ಹೂವಿನ ಪಲ್ಲಕ್ಕಿಗಳು ಹಲಸೂರಿನ ಬೀದಿಗಿಳಿದಾಗ ಮಲ್ಲಿಗೆಯ ವಾಸನೆ ಕಿಟಕಿಯ ಸರಳು ದಾಟಿ ಒಳಗೆ ನುಗ್ಗುತ್ತದೆ. ಒಂದು ವರ್ಷ ಅದರಿಂದ ತಲೆನೋವು ಬಂದು, ಕಿಟಕಿ ಹಾಕಿಕೊಂಡು, ಜನವರಿಯ ಫಲಪುಷ್ಪ ಪ್ರದರ್ಶನವನ್ನು ಯೂಟ್ಯೂಬಿನಲ್ಲಿ ಮತ್ತೊಮ್ಮೆ ನೋಡಿದೆ. ವಿದ್ವಾಂಸನಾದವನು ವಿಷಯಾಂತರಕ್ಕೆ ಆಸ್ಪದ ಕೊಡಬಾರದು.

ಮಿಕ್ಕದ್ದು ಅಳತೆ. ಇಷ್ಟು ಲಕ್ಷ ಹೂವು, ಅಷ್ಟು ಲಕ್ಷ ಹೂವು ಎಂದು ವಾಹಿನಿ ಲೆಕ್ಕ ಕೊಡುತ್ತದೆ. ನಮ್ಮ ಕಡೆ ಹೂವನ್ನು ಲಕ್ಷದಲ್ಲಿ ಯಾರೂ ಕೊಂಡಿಲ್ಲ, ಮೊಳದಲ್ಲಿ ಕೊಳ್ಳುತ್ತೇವೆ. ಎರಡಕ್ಕೂ ಸೂತ್ರ ಹುಡುಕುತ್ತಾ ಕಾಗದ ಹಿಡಿದು ಕೂತಿದ್ದ ಸಂಜೆ, ಬುಟ್ಟಿ ಹೊತ್ತ ಹೂವಮ್ಮ ಬಾಗಿಲಿಗೆ ಬಂದಳು. ಅವಳ ಹಿಂದೆಯೇ ಮಲ್ಲಿಗೆ ಒಳಗೆ ಬಂತು. ಅವಳು ಬಾಗಿಲುವಾಡಕ್ಕೆ ಒರಗಿ ಟೀವಿ ನೋಡಿದಳು.

'ಎಲ್ಲಾ ಚುಚ್ಚಿರೋದಾ ಸಾರ್?'

'ಹೌದಮ್ಮ.'

'ಕಟ್ಟಿಲ್ವಾ?'

'ಇಲ್ಲ. ಕಟ್ಟಿದ್ರೆ ಎಷ್ಟು ಮೊಳ ಆಗ್ತಿತ್ತು ಹೇಳು ನೋಡೋಣ.'

ಅವಳು ಗಾಜಿನ ಮನೆಯನ್ನು ಬುಡದಿಂದ ತುದಿಯವರೆಗೆ ಕಣ್ಣಲ್ಲೇ ಅಳೆದಳು. 'ಯಾರ ಕೈಯಲ್ಲಿ ಅಳೀಬೇಕು ಸಾರ್?'

ನಾನು ಕಾಗದ ಮಡಚಿಟ್ಟೆ. ಅವಳು ತನ್ನ ಗಿಡ್ಡ ಕೈಯಲ್ಲಿ ಎರಡು ಮೊಳ ಅಳೆದು ಕೊಟ್ಟಳು. ಒಳಗಿನಿಂದ ಪೂರ್ವಪಕ್ಷ, ಅದು ಒಂದೂವರೆ ಎಂದಿತು.