ಶೂನ್ಯಾಗಲಾಕ್ಷರ ಮೀಮಾಂಸೆ

ಅಥ ಶೂನ್ಯಾಗಲಾಕ್ಷರ ಜಿಜ್ಞಾಸಾ. ಸಂಸ್ಕೃತದ ಶೂನ್ಯಕ್ಕೆ ಕನ್ನಡದ ಅಗಲವನ್ನು ಗಂಟುಹಾಕಿದ ಈ ಅರಿಸಮಾಸವನ್ನು ವಿದ್ವಜ್ಜನರು ಮನ್ನಿಸಬೇಕು. ಕಂಪ್ಯೂಟರ್ ಪರಿಭಾಷೆಯ ಬಹುಪಾಲು ಇದೇ ಕುಲದ್ದು. ಸರಳ ಪಠ್ಯದ ಚಿಹ್ನೆಗಳು ತ್ರಿವಿಧ: ದೃಶ್ಯ, ಅದೃಶ್ಯ, ದೃಶ್ಯಾದೃಶ್ಯ. ದೃಶ್ಯವೆಂದರೆ ಪೂರ್ಣವಿರಾಮಾದಿಗಳು. ಅದೃಶ್ಯವೆಂದರೆ ಯೂನಿಕೋಡಿನ 8204ನೆಯ ಸಂಕೇತ, ಎರಡು ಅಕ್ಷರ ಒಂದಕ್ಕೊಂದು ಒತ್ತಾಗದಂತೆ ನಡುವೆ ನಿಲ್ಲುವಂಥದ್ದು. ಯುಟಿಎಫ್-8ರಲ್ಲಿ ಕಣ್ಣಿಗೆ ಕಾಣುವ ಪೂರ್ಣವಿರಾಮದ ತೂಕ 1 ಬೈಟು. ಕಾಣದ ಈ ಮಹಾನುಭಾವನದು 3 ಬೈಟು, ಅಗಲ ಮಾತ್ರ ಸೊನ್ನೆ. ಅಲ್ಲಮಪ್ರಭು ಶೂನ್ಯಪೀಠವನ್ನೇರಿದ ಕಲ್ಯಾಣದಲ್ಲಿ ಇಂಥದ್ದಕ್ಕೆ ಮಣೆ ಸಿಗದಿದ್ದರೆ ಇನ್ನೆಲ್ಲಿ ಸಿಕ್ಕೀತು? ಮೂರನೆಯ ವರ್ಗಕ್ಕೆ ಹೆಸರಿಟ್ಟ ಮೇಲೆ ಉದಾಹರಣೆ ಸಿಗಲಿಲ್ಲ, ಬಿಡೋಣ.

ಪ್ರಮಾಣಕ್ಕೆ ಬೀದರ ಜಿಲ್ಲೆಯ ಎರಡು ಊರು ಸಾಕು. ಬಸವಕಲ್ಯಾಣ ಸ್ವರಾಂತ, ‘ಬಸವಕಲ್ಯಾಣಕ್ಕೆ’ ಎನ್ನಲು ಅದೃಶ್ಯದ ಹಂಗಿಲ್ಲ. ಹುಮನಾಬಾದ್ ವ್ಯಂಜನಾಂತ, ‘ಗೆ’ ಹಚ್ಚಿದೊಡನೆ ಗಕಾರ ದಕಾರದ ಕೆಳಗಿಳಿದು ‘ಹುಮನಾಬಾದ್ಗೆ’ ಆಗುತ್ತದೆ. ನಡುವೆ ಅದೃಶ್ಯವನ್ನಿಟ್ಟರೆ ‘ಹುಮನಾಬಾದ್‌ಗೆ’. ಓದುವವರಿಗೆ ಎರಡೂ ಒಂದೇ ಊರು; ಸಂಕೇತಕ್ಕೆ ಸಂಕೇತ ತಾಳೆಹಾಕುವ ಯಂತ್ರಕ್ಕೆ ಎರಡು ಊರು. ಅಲ್ಲಿಯ ಜನ ಮಾತ್ರ ‘ಹುಮನಾಬಾದಕ್ಕ ಹೊಂಟೀನ್ರಿ’ ಎಂದು ಒಂದು ಅಕಾರದಲ್ಲಿ ಇಡೀ ಮೀಮಾಂಸೆಯನ್ನು ಮುಗಿಸಿದ್ದಾರೆ. ಹಾಗಾದರೆ ಅದೃಶ್ಯವನ್ನೇ ಕಿತ್ತೊಗೆಯಬಾರದೇ ಎಂದರೆ, ಬಾರದು. ‘ಸಾಫ್ಟ್‌ವೇರ್’ನಿಂದ ಅದನ್ನು ಕಿತ್ತರೆ ‘ಸಾಫ್ಟ್ವೇರ್’ ಆಗಿ ಓದುವ ನಾಲಿಗೆ ತೊಡರುತ್ತದೆ. ಚಿಹ್ನೆ ಬೇಕು, ಅದರ ಹೊರೆ ಹೊರಬೇಕಾದದ್ದು ಯಂತ್ರ, ಬರೆಯುವವರಲ್ಲ. ಎರಡೂ ರೂಪ ಒಂದೇ ಎಂದು ಹುಡುಕಾಟಕ್ಕೆ ಕಲಿಸುವುದು ಬ್ರಹ್ಮವಿದ್ಯೆಯಲ್ಲ.

ಇನ್ನೊಂದು ಆಕ್ಷೇಪ: ಓಲೆಗರಿಯ ವಚನಗಳಿಗೆ ಇಂದಿನ ಅಲ್ಪವಿರಾಮ, ಪ್ರಶ್ನಾರ್ಥಕಗಳೆಲ್ಲಿದ್ದವು? ಅಂಕಿತ ಬಂದರೆ ವಚನ ಮುಗಿಯಿತು. ಅಷ್ಟರಲ್ಲೇ ಎಂಟು ಶತಮಾನ ಬಾಳಲಿಲ್ಲವೇ? ಬಾಳಿದವು, ಸರಿ. ಆದರೆ ಓಲೆ ಬರೆದವರು ಚಿಹ್ನೆಯನ್ನು ಬಿಟ್ಟರೇ ಹೊರತು ಅಕ್ಷರವನ್ನು ನುಂಗಲಿಲ್ಲ. ಗೆದ್ದಲು ತಿಂದ ಗರಿಯಲ್ಲೂ ತಿಂದಷ್ಟೇ ಹೋಗಿ ಮಿಕ್ಕಿದ್ದು ಉಳಿಯುತ್ತಿತ್ತು. ಇಂದು ಯೂನಿಕೋಡ್ ಕನ್ನಡವನ್ನು ಕನ್ನಡವನ್ನರಿಯದ ಹಳೆಯ ಆನ್ಸಿ ಸಂಕೇತಪದ್ಧತಿಯ ಕಡತವಾಗಿ ಒಮ್ಮೆ ಉಳಿಸಿ ಮುಚ್ಚಿದರೆ ಸಾಕು, ಪ್ರತಿ ಸಂಕೇತದ ಜಾಗದಲ್ಲೂ ಒಂದು ಪ್ರಶ್ನಾರ್ಥಕ ಕೂರುತ್ತದೆ; ಯಾವ ಪಂಡಿತನೂ ಅದನ್ನು ಮತ್ತೆ ಕನ್ನಡ ಮಾಡಲಾರ. ಕ್ಷರವಿಲ್ಲದ್ದೇ ಅಕ್ಷರ ಎಂದು ವೇದಿಕೆಯ ಮೇಲೆ ವ್ಯುತ್ಪತ್ತಿ ಹೇಳಿ ಶಾಲು ಹೊದ್ದವರು, ಕೆಳಗಿಳಿದು ಕಚೇರಿಯ ಕಡತವನ್ನೊಮ್ಮೆ ತೆರೆದು ನೋಡಲಿ. ‘ಕಲ್ಯಾಣ’ ಎಂದು ಬರೆದದ್ದು ಅಲ್ಲಿ ಹೀಗಿರುತ್ತದೆ: ??????